ಚಿಕ್ಕಪ್ಪ ಆರಿಸಿದ ಸ್ಟಡ್ಡು

ಪಕ್ಕದ ಸೈಟಿಗೆ ಬಂದಿರುವ ಕಾಂಕ್ರೀಟ್ ಮಿಕ್ಸರ್ ಬೆಳಿಗ್ಗೆ ಶುರುವಾದೊಡನೆ ಡೀಸೆಲ್ ಹೊಗೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಮನೆಯವರು ಕಿಟಕಿ ಮುಚ್ಚಲು ಓಡುತ್ತಾರೆ. ನಾನು ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತೇನೆ. ಡೀಸೆಲ್, ಕಾದ ಕಬ್ಬಿಣ, ಒದ್ದೆಯಾದ ತೆಂಗಿನ ಸಿಪ್ಪೆ, ಇವು ಬೆರೆತ ವಾಸನೆಯೇ ನನಗೆ ಹಾಲ್ಕುರಿಕೆಯ ನಮ್ಮ ತೋಟದ ಮನೆ. ಅಂಥದೊಂದು ಮನೆಯನ್ನು ಕಳೆದುಕೊಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಾವಿಯಿಂದ ನೀರೆತ್ತುವ ಡೀಸೆಲ್ ಎಂಜಿನ್ನು ಅಪ್ಪನ ತಮ್ಮ, ನನ್ನ ಚಿಕ್ಕಪ್ಪನ ವಶದಲ್ಲಿತ್ತು. ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದು ದೂರದ ಸದ್ದಿಗೆ ಕಿವಿಗೊಟ್ಟು, "ವಾಲ್ವು ಸಡಿಲ ಆಗೈತೆ" ಎಂದು ಎದ್ದು ಹೋಗುತ್ತಿದ್ದರು. ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಎಳ್ಳಷ್ಟೂ ಮಾಸಿರಲಿಲ್ಲ. ಅದೇ ತಿಂಗಳು ಎಂಜಿನ್ನೂ ನಿಂತಿತು. ವಾಲ್ವನ್ನು ಒತ್ತುವ ರಾಕರ್ ಆರ್ಮ್ ಎಂಬ ಸಣ್ಣ ತೋಳನ್ನು ಹಿಡಿದಿಟ್ಟಿದ್ದ ಸ್ಟಡ್ಡು, ಎಂದರೆ ತಲೆಯಿಲ್ಲದ ಬೋಲ್ಟು, ಬುಡಸಮೇತ ಮೇಲೆದ್ದು ಬಂದಿತ್ತು. ಬಾವಿಯ ಹತ್ತಿರಕ್ಕೆ ಇನ್ನೂ ಕರೆಂಟು ಬಂದಿರಲಿಲ್ಲ; ಚಿಕ್ಕಪ್ಪನೇ ನೆಟ್ಟಿದ್ದ ತೆಂಗಿನ ಸಸಿಗಳು ಬಾಡತೊಡಗಿದವು. ತಿಪಟೂರಿನಿಂದ ಮೆಕ್ಯಾನಿಕ್ ಗಂಗಣ್ಣ ಬಂದರು. "ಇದು ಬರೀ ಬಡಿದು ಕೂರ್ಸಿರೋ ಸ್ಟಡ್ಡು ಕಣಮ್ಮ. ತೂತು ಅಗಲ ಆಗೈತೆ, ಇನ್ನು ನಿಲ್ಲಾಕಿಲ್ಲ. ತೂತಿನೊಳ್ಗೆ ಥ್ರೆಡ್ ಹಲ್ಲು ಹೊಡೆದು ತಿರುಪೋ ಸ್ಟಡ್ಡೇ ಹಾಕ್ಬೇಕು" ಎಂದು ಚಿಕ್ಕಮ್ಮನಿಗೆ ಹೇಳಿದರು. ಚಿಕ್ಕಪ್ಪನ ಮೇಲಿನ ಗೌರವಕ್ಕೆ ಎರಡು ಬಗೆಯ ಸ್ಟಡ್ಡುಗಳನ್ನು ಮಂಚದ ಬಳಿಗೇ ತಂದು ತೋರಿಸಿದರು. ಚಿಕ್ಕಪ್ಪ ಎಡಗೈ ಹೆಬ್ಬೆರಳಿನಿಂದ ಎರಡರ ಹಲ್ಲುಗಳನ್ನೂ ಸವರಿ ನೋಡಿ, ಬುಡದಲ್ಲಿ ದಪ್ಪ ಹಲ್ಲಿದ್ದುದನ್ನು ಬಿಗಿಯಾಗಿ ಹಿಡಿದುಕೊಂಡರು. "ಹೌದು ಯಜಮಾನ್ರೇ, ಬೀಡು ಕಬ್ಬಿಣಕ್ಕೆ ಇದೇ ಸರಿ" ಎಂದರು ಗಂಗಣ್ಣ. ಚಿಕ್ಕಪ್ಪನ ಮುಖದ ಒಂದು ಪಕ್ಕ ನಕ್ಕಿತು.

ಕೆಲಸ ಅವರಿಗೆ ಕಾಣಲೆಂದು ಮಂಚವನ್ನು ಜಗಲಿಗೆ ತಂದೆವು. ಅಂಗಳದ ಬೆಂಚಿನ ಮೇಲೆ ಎಂಜಿನ್ನಿನಿಂದ ಬಿಚ್ಚಿ ತಂದ ಹೆಡ್ಡು, ಅದರ ಬೀಡು ಕಬ್ಬಿಣದ ಮೇಲ್ಮುಚ್ಚಳ. ಗಂಗಣ್ಣ ತೂತನ್ನು ಕೊರೆದು, ಒಳಗೆ ಹಲ್ಲು ಮೂಡಿಸುವ ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸುತ್ತಿದ್ದರೆ ಕಬ್ಬಿಣದ ಪುಡಿ ಕಪ್ಪಗೆ ಉದುರುತ್ತಿತ್ತು. ಅವರು ಸ್ಟಡ್ಡನ್ನು ಎತ್ತಿಕೊಂಡಾಗ ಚಿಕ್ಕಪ್ಪ ಇದ್ದಕ್ಕಿದ್ದಂತೆ ಮಂಚದಿಂದ ಮೇಲೇಳಲು ಹೆಣಗಿದರು. "ನೀ... ನೀ..." ಚಿಕ್ಕಮ್ಮ ಚೊಂಬಿನಲ್ಲಿ ನೀರು ತಂದು ತುಟಿಗಿಟ್ಟರು. ಅವರು ಬಾಯಿ ಬಿಗಿದರು. ನೀರು ಗದ್ದದಿಂದ ಎದೆಗೆ ಇಳಿಯಿತು. "ನೀರೇ ಅಲ್ವೇನ್ರೀ ಕೇಳಿದ್ದು? ಕುಡೀರಿ" ಎಂದು ಚಿಕ್ಕಮ್ಮ ಮತ್ತೆ ಹಿಡಿದರು. ಎಡಗೈ ಚೊಂಬನ್ನು ತಳ್ಳಿ ಅಂಗಳದತ್ತ ಚಾಚಿತು. "ಆಯ್ತು ಯಜಮಾನ್ರೇ, ಇನ್ನೊಂದೇ ಸುತ್ತು" ಎಂದರು ಗಂಗಣ್ಣ. ಸೆಕೆಯಿರಬೇಕೆಂದು ನಾನು ಬೀಸಣಿಗೆ ತಂದು ಬೀಸಿದೆ. ಅವರು ನನ್ನನ್ನು ನೋಡಿದ ನೋಟ ಇಂದಿಗೂ ನನ್ನ ಮೇಲೇ ಇದೆ.

ಸಂಜೆ ಎಂಜಿನ್ನು ಓಡಿ ತೋಟದ ಕಾಲುವೆಯಲ್ಲಿ ನೀರು ಹರಿಯಿತು. ಆ ಸುದ್ದಿ ಹೇಳಲು ಎಲ್ಲರೂ ಮಂಚದ ಹತ್ತಿರ ಬಂದರೆ ಚಿಕ್ಕಪ್ಪ ಗೋಡೆಗೆ ಮುಖ ಮಾಡಿದ್ದರು. ಮೂರನೆಯ ದಿನ ಎಂಜಿನ್ನು ಕರಕರ ಎಂದು ಕಚ್ಚಿಕೊಂಡು ನಿಂತಿತು. ಗಂಗಣ್ಣ ಮತ್ತೆ ಬಂದು ಆಯಿಲ್ ಇಳಿಸಿದರೆ ಅದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅವರು ಹಣೆಗೆ ಕೈಯಿಟ್ಟು ನೆಲದ ಮೇಲೆ ಕೂತುಬಿಟ್ಟರು. "ನಾನು ಕೊರೆದಿದ್ದು ಹೆಡ್ಡಿನೊಳಗೆ ನೀರು ಓಡಾಡೋ ಜಾಗಕ್ಕೇ ತೂತಾಗೈತೆ, ಆ ನೀರು ಆಯಿಲ್ಲಿಗೆ ಇಳಿದೈತೆ. ಥ್ರೆಡ್ಡಿಗೆ ಅಂಟು ಬಳಿದು ತಿರುಪ್ಬೇಕಿತ್ತು. ನೀರು ನುಗ್ತದೆ ಅಂತ ಆವತ್ತು ಅವ್ರು ಬಡ್ಕೊಂಡ್ರು ಕಣಮ್ಮ."

ಚಿಕ್ಕಮ್ಮ ಒಳಗೆ ಹೋಗಿ ಮಂಚದ ಕಾಲ ಬಳಿ ಕುಸಿದರು. "ನಂಗೆ ತಿಳೀಲಿಲ್ಲ ಕಣ್ರೀ." ಚಿಕ್ಕಪ್ಪನ ಎಡಗೈ ತಡವಿಕೊಂಡು ಬಂದು ಅವರ ತಲೆಯ ಮೇಲೆ ನಿಂತಿತು.

ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರೂ ಅರ್ಧದಷ್ಟು ಸಸಿಗಳು ಒಣಗಿದವು. ಚಿಕ್ಕಪ್ಪ ಮುಂಗಾರಿಗೆ ಮೊದಲೇ ಹೋದರು. ತೋಟ ಕೈಬದಲಾಯಿತು, ಆ ಮನೆಯನ್ನೂ ಕೆಡವಿದರು. ಎಂಜಿನ್ನು ಕಚ್ಚಿಕೊಂಡ ದಿನದಿಂದ ಸಾಯುವವರೆಗೂ ಚಿಕ್ಕಪ್ಪ ಮತ್ತೆ ಏನನ್ನೂ ಹೇಳಲು ಪ್ರಯತ್ನಿಸಲಿಲ್ಲ. ಅದಕ್ಕೆ ಮೊದಲಿನ ದಿನಗಳಲ್ಲಿ ಅವರು ಎಷ್ಟೋ ಸಲ ನಮ್ಮನ್ನು ನೋಡುತ್ತ ತೊದಲಿದ್ದರು. ನಾವು ಒಮ್ಮೆ ಹೊದಿಕೆ ಹೊದಿಸಿದ್ದೆವು, ಒಮ್ಮೆ ದಿಂಬು ಸರಿಪಡಿಸಿದ್ದೆವು, ಒಮ್ಮೆ ದೀಪ ಸಣ್ಣದು ಮಾಡಿದ್ದೆವು. ಅವರು ಏನು ಹೇಳುತ್ತಿದ್ದರೋ.