ಬಲೆ ಹಿಡಿಯುವವರ ಹೆಸರು

ವಿಷಯ: ದೊಡ್ಡ ಸರೋವರಕ್ಕೆ ಮೀನು ಹಿಡಿಯಲು ಇಬ್ಬರು ಕೂಡಿ ಹೋಗುವುದೆಂದು ತೀರ್ಮಾನಿಸಿ, ಅವರಲ್ಲಿ ಒಬ್ಬರು ಮಾತ್ರ ಹೋಗಿಬಂದ ಬಗ್ಗೆ.

ಮೇಲ್ಕಂಡ ವಿಷಯವನ್ನು ಓದುಗರ ಗಮನಕ್ಕೆ ತರುವ ಮುನ್ನ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಈವರೆಗೆ ಕನ್ನಡದಲ್ಲಿ ಬರೆದಿರುವುದು ನಮ್ಮ ಕನ್ನಡ ಕೂಟದ ಕಾರ್ಯದರ್ಶಿಯಾಗಿ ಬರೆದ ಸುತ್ತೋಲೆಗಳು, ಸಭಾ ನಡಾವಳಿಗಳು ಮತ್ತು ಕೃತಜ್ಞತಾ ಪತ್ರಗಳು ಮಾತ್ರ. ಮನಸ್ಸಿಗೆ ನೋವಾದದ್ದನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದು ನನಗೆ ತಿಳಿಯದು. ಆದುದರಿಂದ ತಿಳಿದಿರುವ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಾನು ಮೈಸೂರಿನ ಕಡೆಯವನು. ನ್ಯೂ ಜೆರ್ಸಿಯ ಓಲ್ಡ್ ಬ್ರಿಡ್ಜ್‌ನಲ್ಲಿ ವಾಸವಾಗಿದ್ದೇನೆ. ಸದರಿ ಇಬ್ಬರಲ್ಲಿ ಇನ್ನೊಬ್ಬನಾದ ನನ್ನ ಗೆಳೆಯ ಧಾರವಾಡದವನು, ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದಾನೆ. ಹನ್ನೆರಡು ವರ್ಷಗಳ ಪರಿಚಯ. ಮಾತಿನಲ್ಲಿ ನಾವು ಏಕವಚನದವರಾದ್ದರಿಂದ ಇಲ್ಲಿಯೂ ಅವನು ಎಂದೇ ಬರೆಯುತ್ತೇನೆ. ಸಸ್ಯಾಹಾರಿ ಮನೆತನದಲ್ಲಿ ಬೆಳೆದ ನನಗೆ ಗಾಳದ ಕೋಲನ್ನು ಮೊದಲು ಹಿಡಿಸಿದವನು ಅವನೇ. ನಮ್ಮ ಕೌಂಟಿ ಪಾರ್ಕಿನ ಕೆರೆಯ ದಂಡೆಯ ಮೇಲೆ ಒಂದು ಶನಿವಾರ ಬೆಳಿಗ್ಗೆ, ನನ್ನ ಮಣಿಕಟ್ಟನ್ನು ಹಿಡಿದು, "ಹಿಂಗ ಅಲ್ಲೋ, ಚಪಾತಿ ಹಿಟ್ಟು ಒಗದಂಗ ಒಗೀಬ್ಯಾಡ. ಸಾವಕಾಶ," ಎಂದು ಹೇಳಿಕೊಟ್ಟ. ಅವನ ಮನೆಯವರೂ ಸಸ್ಯಾಹಾರಿಗಳೇ. ಹಿಡಿದ ಮೀನನ್ನು ನಾವು ತಿನ್ನುತ್ತಿರಲಿಲ್ಲ; ಕೊಕ್ಕೆ ಬಿಡಿಸಿ ನೀರಿಗೇ ಬಿಡುತ್ತಿದ್ದೆವು. ನನ್ನ ಹೆಂಡತಿ ಇದನ್ನು ಮೊದಲ ಬಾರಿ ಕೇಳಿದಾಗ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಕೇಳಿದ್ದಳು: "ಹಿಡಿಯೋದು, ಆಮೇಲೆ ಬಿಡೋದು. ಅದಕ್ಕಿಂತ ಸುಮ್ನೆ ಬಿಟ್ಟೇ ಬಿಟ್ರೆ ಆಗಲ್ವಾ?"

ನಾನು ಕೋಲನ್ನು ಗರಾಜಿನಲ್ಲಿಟ್ಟು ಬಂದು ಊಟಕ್ಕೆ ಕುಳಿತೆ. 

ಕೆರೆಯಲ್ಲಿ ನಾವಿಬ್ಬರೂ ಕೆಲಸವನ್ನು ಹಂಚಿಕೊಂಡಿದ್ದೆವು. ಒಬ್ಬನ ಗಾಳಕ್ಕೆ ಮೀನು ಸಿಕ್ಕಿದರೆ ಇನ್ನೊಬ್ಬನು ತನ್ನ ಕೋಲನ್ನು ಕೆಳಗಿಟ್ಟು, ಉದ್ದ ಹಿಡಿಕೆಯ ಕೈಬಲೆಯನ್ನು ನೀರಿಗಿಳಿಸಿ ಮೀನನ್ನು ಎತ್ತಿಕೊಳ್ಳಬೇಕು. ತನ್ನ ಗಾಳವನ್ನು ಮೀನು ಕಚ್ಚುತ್ತಿದ್ದರೂ ಅವನು ನನಗಾಗಿ ಬಲೆ ಹಿಡಿಯಲು ಓಡಿಬಂದ ದಿನಗಳಿವೆ. ಈ ಅಂಶವನ್ನು ದಾಖಲಿಸದೆ ಮುಂದಿನದನ್ನು ಬರೆಯುವುದು ನ್ಯಾಯವಲ್ಲವೆಂದು ಭಾವಿಸುತ್ತೇನೆ.

ಕೌಂಟಿ ಪಾರ್ಕಿನ ಕೆರೆಯಲ್ಲಿ ಸಿಗುವುದು ಕೆಸರು ನೀರಿನ ಮೀನು. ಅವನು ಮೊದಲಿನಿಂದಲೂ ಹೇಳುತ್ತಿದ್ದುದು ಸ್ಮಾಲ್‌ಮೌತ್ ಬ್ಯಾಸ್ ಬಗ್ಗೆ. ಅದು ತಣ್ಣನೆಯ ತಿಳಿನೀರಿನಲ್ಲಿ, ಬಂಡೆಗಳ ಸಂದಿಯಲ್ಲಿ ಇರುವ ಮೀನು. ಕಂಚಿನ ಬಣ್ಣ, ಕೆಂಪು ಕಣ್ಣು. ಗಾಳ ಕಚ್ಚಿದ ಮೇಲೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಅದನ್ನು ಹಿಡಿಯಬೇಕಾದರೆ ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿರುವ ಚಾಂಪ್ಲೇನ್ ಸರೋವರಕ್ಕೆ ಹೋಗಬೇಕು. ನಮ್ಮ ಮನೆಯಿಂದ ಐದೂವರೆ ಗಂಟೆಗಳ ಡ್ರೈವ್. "ಒಂದ್ಸಲ ನಾವಿಬ್ರೂ ಹೋಗೂಣು. ಮಂದಿ ಬ್ಯಾಡ, ಮನಿಗೊಂದು ಅಡಿಗಿ ತರೂ ಪಾಟ್‌ಲಕ್ ಬ್ಯಾಡ, ಇಬ್ರ," ಎಂದು ಅವನು ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದ. ಕಳೆದ ವರ್ಷದ ಚಳಿಗಾಲದಲ್ಲಿ, ಬ್ಯಾಸ್ ಮೀನಿನ ಋತು ಆರಂಭವಾಗುವ ಜೂನ್ ತಿಂಗಳಿನಲ್ಲಿ ಹೋಗಿಯೇ ಬಿಡುವುದೆಂದು ತೀರ್ಮಾನವಾಯಿತು. ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ನನಗೆ ವಹಿಸಲಾಯಿತು.

ಹೊರಗೆ ಹಿಮ ಬೀಳುತ್ತಿದ್ದ ಭಾನುವಾರಗಳಲ್ಲಿ ನಾನು ಊಟದ ಮೇಜಿನ ಮೇಲೆ ಸರೋವರದ ಆಳದ ನಕ್ಷೆಯನ್ನು ಹರಡಿಕೊಂಡು ಕುಳಿತೆ. ಯಾವ ಕೊಲ್ಲಿಯಲ್ಲಿ ಬಂಡೆಯ ತಳವಿದೆ, ಯಾವ ಗಾಳಿಗೆ ಯಾವ ದಂಡೆ ಶಾಂತವಾಗಿರುತ್ತದೆ, ದೋಣಿಯನ್ನು ಎಲ್ಲಿ ಬಾಡಿಗೆಗೆ ಕೊಡುತ್ತಾರೆ, ನ್ಯೂ ಜೆರ್ಸಿಯವರು ನ್ಯೂಯಾರ್ಕಿನ ಲೈಸೆನ್ಸ್ ಪಡೆಯುವುದು ಹೇಗೆ, ಎಲ್ಲವನ್ನೂ ವಿಚಾರಿಸಿ ಬರೆದೆ. ಕನ್ನಡದಲ್ಲಿಯೇ ಬರೆದೆ, ಅನುಬಂಧಗಳ ಸಹಿತ. ಒಟ್ಟು ಹದಿನಾಲ್ಕು ಪುಟಗಳಾದವು. ಮೂರನೆಯ ಅನುಬಂಧದ ಕೊನೆಯಲ್ಲಿ "ಬಲೆ ಹಿಡಿಯುವವರು: ಸರದಿಯಂತೆ ಇಬ್ಬರೂ" ಎಂದು ಬರೆದಿದ್ದೆ.

ಶುಕ್ರವಾರ ನಸುಕಿನಲ್ಲಿ ಹೊರಟರೆ ಹತ್ತೂವರೆಯ ಹೊತ್ತಿಗೆ ಸರೋವರ ತಲುಪುತ್ತೇವೆ. ಶುಕ್ರವಾರ ರಾಹುಕಾಲವಿರುವುದು ಹತ್ತೂವರೆಯಿಂದ ಹನ್ನೆರಡರವರೆಗೆ. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಹೊಸ ಕೆಲಸವನ್ನು ಆರಂಭಿಸುವುದಿಲ್ಲ. ನಾನು ಇದನ್ನು ಎಷ್ಟರಮಟ್ಟಿಗೆ ನಂಬುತ್ತೇನೆಂದು ಕೇಳಿದರೆ ಹೇಳಲಾರೆ. ಕೈಬಿಡುವ ಧೈರ್ಯವಿಲ್ಲವೆಂದಷ್ಟೇ ಹೇಳಬಲ್ಲೆ. ಆದ್ದರಿಂದ ಯೋಜನೆಯಲ್ಲಿ ಹೀಗೆ ಸೇರಿಸಿದೆ: "ಹತ್ತೂವರೆಯಿಂದ ಹನ್ನೆರಡರವರೆಗೆ ದೋಣಿಯನ್ನು ನೀರಿಗೆ ಇಳಿಸತಕ್ಕದ್ದಲ್ಲ. ದಂಡೆಯ ಮೇಲೆ ಊಟ."

ಅವನು ಅದನ್ನು ಓದಿ ಬಿದ್ದು ಬಿದ್ದು ನಕ್ಕ. "ಸೆಕ್ರೆಟರಿ ಸಾಹೇಬ್ರ, ಮೀನಿಗೂ ಪಂಚಾಂಗ ತೋರಿಸ್ತೀರೇನು?" ಎಂದ. ಆನಂತರ, "ಇರ್ಲಿ ಬಿಡು. ನಿಮ್ಮಾಕಿ ಚಿತ್ರಾನ್ನ ಕಟ್ಟಿಕೊಡ್ತಾಳಂದ್ರ ರಾಹು ಕೇತು ಇಬ್ರಿಗೂ ನಾ ಕಾಯ್ತೇನಿ," ಎಂದು ಒಪ್ಪಿಗೆ ಸೂಚಿಸಿದ.

ಯುಗಾದಿ ಕಾರ್ಯಕ್ರಮದ ಪೂರ್ವಭಾವಿ ಸಭೆಯು ಅವನ ಮನೆಯ ಬೇಸ್‌ಮೆಂಟಿನಲ್ಲಿ ನಡೆಯಿತು. ಆ ವರ್ಷ ಅವನು ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವನಿದ್ದ. ಚಹಾ ಹಂಚುತ್ತಿದ್ದಾಗ ಹಿರಿಯ ಆಂಟಿಯೊಬ್ಬರು ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಏನ್ರಪ್ಪಾ, ಮೀನು ಹಿಡಿಯೋಕೆ ದೊಡ್ಡ ಟ್ರಿಪ್ ಹಾಕಿದ್ದೀರಂತೆ? ಅದೇ ಕೈಯಲ್ಲಿ ನಮಗೆ ಬೇವು ಬೆಲ್ಲ ಕೊಡ್ತೀರೋ?"

ನಾನು ಉತ್ತರಕ್ಕಾಗಿ ಗೆಳೆಯನ ಮುಖ ನೋಡಿದೆ. ಇಂಥ ಸಂದರ್ಭಗಳಲ್ಲಿ ಮಾತನಾಡುವವನು ಯಾವಾಗಲೂ ಅವನೇ.

"ಅಯ್ಯ ಆಂಟಿ, ನಾನೆಲ್ಲಿ!" ಎಂದ ಅವನು, ಎರಡೂ ಕೈಗಳನ್ನು ಎತ್ತಿ ತೋರಿಸಿ. "ಇದೆಲ್ಲಾ ಇವಂದು ಹುಚ್ಚು. ನಾ ಬರೇ ಡ್ರೈವ್ ಮಾಡಾಂವ."

ಎಲ್ಲರೂ ನಕ್ಕರು. ಅಂಕಲ್ ಒಬ್ಬರು, "ಸೆಕ್ರೆಟರಿ, ಇದನ್ನೂ ಮಿನಿಟ್ಸ್‌ನಲ್ಲಿ ಬರ್ಕೊಳ್ಳಿ! ಭಾವೀ ಅಧ್ಯಕ್ಷರು ನಿರ್ದೋಷಿ!" ಎಂದರು. ಮತ್ತೆ ನಗು. ನಾನೂ ನಕ್ಕೆ. ನಡಾವಳಿಯಲ್ಲಿ ಬರೆಯಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದು ಕಲಿಸಿದ ಕೈಗಳೇ ಅವು ಎಂಬುದು ಆ ಸಭೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಅವನು ಅಧ್ಯಕ್ಷನಾಗಿ ಆಯ್ಕೆಯಾದ ಮೇಲೆ, ಮೇ ತಿಂಗಳಿನಲ್ಲಿ ಫೋನ್ ಮಾಡಿದ. "ದೋಸ್ತ, ಈ ವರ್ಷ ಬ್ಯಾಡಪಾ. ನೋಡಿದೆಲ್ಲಾ, ಮಂದಿ ಹೆಂಗ ಮಾತಾಡ್ತಾರ. ಅಧ್ಯಕ್ಷ ಆದ ಮ್ಯಾಲೆ ಮೊದಲನೇ ವರ್ಷನ ಇದೆಲ್ಲಾ ಛಲೋ ಕಾಣೂದಿಲ್ಲ. ಮುಂದಿನ ವರ್ಷ ನಕ್ಕಿ, ಹೋಗೇ ಹೋಗೂಣು." ನಾನು ಅವನ ತೊಂದರೆಯನ್ನು ಅರ್ಥಮಾಡಿಕೊಂಡೆ. ಅಷ್ಟೇ ಅಲ್ಲ, ಸಭೆಯಲ್ಲಿ ಅವನಿಗೆ ಮುಜುಗರವಾದದ್ದು ನನ್ನ ಯೋಜನೆಯಿಂದಲೇ ಅಲ್ಲವೇ ಎಂದು ಕ್ಷಮೆಯನ್ನೂ ಕೇಳಿದೆ. ದೋಣಿಯ ಬುಕಿಂಗ್ ಅನ್ನು ರದ್ದುಪಡಿಸುವುದಾಗಿ ಹೇಳಿದಾಗ, "ನೀ ಬಿಡು, ನಾ ಮಾಡ್ತೇನಿ," ಎಂದ. ಆ ಔದಾರ್ಯಕ್ಕೆ ಧನ್ಯವಾದವನ್ನೂ ಸಲ್ಲಿಸಿದೆ.

ಜೂನ್ ತಿಂಗಳ ಆ ಶುಕ್ರವಾರ ನಾನು ರಜೆಯನ್ನು ಹಿಂಪಡೆದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮನಸ್ಸು ತಡೆಯದೆ ಫೋನಿನಲ್ಲಿ ಸರೋವರದ ಹವೆಯನ್ನು ನೋಡಿದೆ. ಬಿಸಿಲು, ಗಾಳಿ ಇಲ್ಲವೇ ಇಲ್ಲ. ಇಡೀ ವರ್ಷದಲ್ಲಿ ಇಂಥ ದಿನ ಎರಡೋ ಮೂರೋ ಬರಬಹುದು. ಪಾಪ, ಅವನಿಗೂ ಇದೇ ಯೋಚನೆ ಇರುತ್ತದೆಂದು ಎಣಿಸಿ, ಹತ್ತೂಮುಕ್ಕಾಲಿಗೆ ಅವನಿಗೆ ಒಂದು ಮೆಸೇಜ್ ಕಳಿಸಿದೆ: "ಇವತ್ತು ಅಲ್ಲಿ ಗಾಳಿ ಇಲ್ಲ ನೋಡು." ಅರ್ಧ ನಿಮಿಷದಲ್ಲಿ ಉತ್ತರ ಬಂತು: "ಹೌದಲ್ಲ!" ಅದರ ಪಕ್ಕದಲ್ಲಿ ಎರಡು ಮುಗಿದ ಕೈಗಳ ಚಿತ್ರ. ಆಫೀಸಿನ ಗಡಿಬಿಡಿಯಲ್ಲೂ ಇಷ್ಟು ಬೇಗ ಉತ್ತರಿಸಿದನಲ್ಲ ಎಂದು ನನಗೆ ಸಮಾಧಾನವಾಯಿತು.

ಜುಲೈ ಮೊದಲ ವಾರದಲ್ಲಿ ಅವನ ಹೆಂಡತಿ ನಮ್ಮ ಮನೆಗೆ ಬಂದರು. ಕೂಟದ ಪಿಕ್ನಿಕ್‌ಗೆಂದು ಅವರು ಒಯ್ದಿದ್ದ ನಮ್ಮ ಐಸ್ ಬಾಕ್ಸ್ ಅನ್ನು ಹಿಂದಿರುಗಿಸಲು ಬಂದದ್ದು.

"ತಗೋರಿ ಅಣ್ಣಾ, ತಡಾ ಆತು," ಎಂದರು. "ಅವರು ಟ್ರಿಪ್‌ನಿಂದ ತಂದು ಗರಾಜಿನ್ಯಾಗ ಹಂಗ ಒಗದಿದ್ರು. ನಾ ಹೊರಗಷ್ಟ ತೊಳದೇನಿ."

"ಯಾವ ಟ್ರಿಪ್?" ಎಂದೆ.

"ಅದ ರೀ, ಚಾಂಪ್ಲೇನ್! ನೀವ್ಯಾಕ ಹೋಗ್ಲಿಲ್ಲ? ಆಫೀಸಿನ್ಯಾಗ ನಿಮಗ ಡೆಡ್‌ಲೈನ್ ಅದ ಅಂತ ಹೇಳಿದ್ರು. ಪಾಪ, ಅಷ್ಟು ಪ್ಲ್ಯಾನ್ ಮಾಡಿದ್ರಿ. ಕಡೀಕ ಅವರ ಮ್ಯಾನೇಜರು, ಇನ್ನಿಬ್ರು ಆಫೀಸಿನವರು ಕೂಡಿ ಹೋದ್ರು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು, "ಹೌದು, ಡೆಡ್‌ಲೈನ್ ಇತ್ತು," ಎಂದೆ.  ಆ ತಾಯಿಯ ಮುಂದೆ ಅವನನ್ನು ಸುಳ್ಳುಗಾರನನ್ನಾಗಿ ನಿಲ್ಲಿಸಲು ಮನಸ್ಸು ಬರಲಿಲ್ಲ.

ಅವರು ಹೋದ ಮೇಲೆ ಐಸ್ ಬಾಕ್ಸಿನ ಮುಚ್ಚಳ ತೆರೆದೆ. ತಳದಲ್ಲಿ ನೀರು ಹೀರಿ ಒಣಗಿ ಸೆಟೆದುಕೊಂಡ ಕಾಗದವೊಂದು ಅಂಟಿಕೊಂಡಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ಮೇಲ್ಗಡೆ ಅವನ ಹೆಸರಿತ್ತು, ಸಿದ್ಧಪಡಿಸಿದವನೆಂದು. ಕೆಳಗಿನದೆಲ್ಲ ನನ್ನದು: ಅದೇ ಕೊಲ್ಲಿಗಳು, ಅದೇ ಬಂಡೆಗಳು, ಅನುಬಂಧಗಳ ಅದೇ ಅನುಕ್ರಮ. ನಡುವೆ ಒಂದು ಸಾಲು ಇಂಗ್ಲಿಷಿನಲ್ಲಿಯೂ ಹಾಗೆಯೇ ಉಳಿದಿತ್ತು. ಹತ್ತೂವರೆಯಿಂದ ಹನ್ನೆರಡರವರೆಗೆ ದೋಣಿ ನೀರಿಗಿಳಿಯಬಾರದು. ದಂಡೆಯ ಮೇಲೆ ಊಟ.

ಆಗ ನನಗೆ ಆ ಮೆಸೇಜ್ ನೆನಪಾಯಿತು. ಹತ್ತೂಮುಕ್ಕಾಲು. ಅರ್ಧ ನಿಮಿಷದಲ್ಲಿ ಉತ್ತರ ಬಂದದ್ದೇಕೆಂದು ತಿಳಿಯಿತು. ನಾನು ಗೊತ್ತುಪಡಿಸಿದ ಸಮಯದಲ್ಲಿ, ನಾನು ಗೊತ್ತುಪಡಿಸಿದ ದಂಡೆಯ ಮೇಲೆ, ಗಾಳಿಯಿಲ್ಲದ ನೀರನ್ನು ನೋಡುತ್ತ ಅವನು ಸುಮ್ಮನೆ ಕುಳಿತಿದ್ದ. ಫೋನ್ ಕೈಯಲ್ಲಿತ್ತು. "ಹೌದಲ್ಲ" ಎಂದು ಬರೆದದ್ದು ನೀರನ್ನು ಕಣ್ಣಾರೆ ನೋಡಿಯೇ.

ಮೂರು ದಿನ ಬಿಟ್ಟು ಅವನ ಮನೆಗೆ ಹೋದೆ. ಹಿತ್ತಲಿನ ಡೆಕ್ ಮೇಲೆ ಟೊಮೇಟೊ ಕುಂಡಗಳಿಗೆ ನೀರು ಹಾಕುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದೆ. ಅವನು ಓದಲಿಲ್ಲ, ನೋಡಿದ ಕೂಡಲೇ ಗುರುತು ಹತ್ತಿತು. ಪೈಪಿನ ನೀರು ಒಂದೇ ಕುಂಡಕ್ಕೆ ಬೀಳುತ್ತ ತುಂಬಿ ಹೊರಚೆಲ್ಲಿತು.

"ಮ್ಯಾನೇಜರ್ ತಾನ ಕೇಳಿದ," ಎಂದ ಅವನು. "ಅಂವಗ ಬ್ಯಾಸ್ ಅಂದ್ರ ಜೀವ. ನಾ ಪ್ಲ್ಯಾನ್ ಇಟಗೊಂಡು ಹೆಂಗ ಇಲ್ಲ ಅನ್ಲಿ? ದೋಣಿಯೊಳಗ ನಾಲ್ಕ ಸೀಟು."

"ನನಗೆ ಹೇಳಬಹುದಾಗಿತ್ತು."

"ಹೇಳಿದ್ರ ನೀ ಬರ್ತೇನಿ ಅಂತಿದ್ದಿ." ಅಷ್ಟು ಹೇಳಿ ನಲ್ಲಿಯನ್ನು ತಿರುವಲು ಬಗ್ಗಿದ. ಬಗ್ಗಿಕೊಂಡೇ ಹೇಳಿದ: "ಅವರ ನಡುವ ನಿನಗೂ ಬ್ಯಾಸರ ಆಗ್ತಿತ್ತೋ. ನೀ ಅಲ್ಲಿ ಕುಂತು ಅನುಬಂಧ ಓದ್ತಿದ್ದಿ."

ಆಮೇಲೆ ಅವನು ನನ್ನನ್ನು ನಗಿಸಲು ಪ್ರಯತ್ನಿಸಿದ. "ಒಂದ್ ಮಾತು ಕೇಳು. ನಿನ್ನ ರಾಹುಕಾಲ ತಗಿಯೂದು ಮರ್ತುಬಿಟ್ಟಿದ್ದೆ ನಾ. ಮೂರೂ ಮಂದಿ ಒಂದೂವರೆ ತಾಸು ದಂಡಿ ಮ್ಯಾಲೆ ಸ್ಯಾಂಡ್‌ವಿಚ್ ತಿಂತ ಕುಂತ್ರು. ಯಾಕ ಅಂತ ಮ್ಯಾನೇಜರ್ ಕೇಳಿದ. ನೀರಿನ ಟೆಂಪರೇಚರ್ ಅಂತ ಹೇಳಿದೆ. ತಲಿ ಅಳ್ಳಾಡಿಸಿ ಬರ್ಕೊಂಡ!"

ಬೇರೆ ಯಾವ ದಿನವಾದರೂ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದು, "ಮೀನು ಸಿಕ್ಕಿತಾ?" ಎಂದು ಮಾತ್ರ ಕೇಳಿದೆ.

ಅವನ ಮುಖ ಬೆಳಗಿತು. ಮುಚ್ಚಿಡಲು ಆಗಲಿಲ್ಲ. "ಎರಡನೇ ಕೊಲ್ಲಿ. ನೀ ಹೇಳಿದ್ದಿಯಲ್ಲಾ, ಮುಳುಗಿದ ಬಂಡೆಗಲ್ಲು, ಅಲ್ಲೇ. ಇಷ್ಟುದ್ದ! ಮೂರ್ ಸಲ ಹಾರ್ತು." ಎರಡೂ ಅಂಗೈಗಳನ್ನು ಅಗಲಿಸಿ ತೋರಿಸಿದ. ಆಂಟಿಗೆ ಎತ್ತಿ ತೋರಿಸಿದ್ದ ಕೈಗಳು.

"ಬಲೆ ಯಾರು ಹಿಡಿದರು?"

ಅವನು ಕೈಗಳನ್ನು ಇಳಿಸಿದ. "ಮ್ಯಾನೇಜರ್," ಎಂದ. ಹೊರಡುವಾಗ ಗೇಟಿನವರೆಗೂ ಬಂದು, "ಮುಂದಿನ ವರ್ಷ ಮತ್ತ ಹೊಂಟೇವಿ. ನೀನೂ ಬಾ. ಐದನೇದವಂಗ ಜಾಗಾ ಮಾಡೂಣು," ಎಂದು ಭುಜ ಮುಟ್ಟಿದ. ಅದು ಪ್ರೀತಿಯ ಮಾತೇ ಎಂದು ನಾನು ನಂಬುತ್ತೇನೆ. ನನ್ನ ಯೋಜನೆಗೆ ನಾನೇ ಅತಿಥಿಯಾಗಿ ಆಹ್ವಾನಿತನಾದದ್ದು ಅವನಿಗೆ ಹೊಳೆಯಲೇ ಇಲ್ಲ. ನೋಡೋಣ ಎಂದು ಹೇಳಿ ಕಾರು ಹತ್ತಿದೆ.

ಕಾರ್ಯದರ್ಶಿ ಸ್ಥಾನಕ್ಕೆ ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಸಲ್ಲಿಸಿದ್ದೇನೆ. ಅಧ್ಯಕ್ಷನ ನೆಲೆಯಲ್ಲಿ ಅದನ್ನು ಅಂಗೀಕರಿಸಿ ಅವನೇ ಸಹಿ ಮಾಡಿದ್ದಾನೆ.

ಈ ಜೂನ್‌ನಲ್ಲಿ ಒಬ್ಬನೇ ಹೋಗುವುದೆಂದು ನಿಶ್ಚಯಿಸಿ ಚಿಕ್ಕ ದೋಣಿಯೊಂದನ್ನು ಬುಕ್ ಮಾಡಿದ್ದೇನೆ. ಕಳೆದ ಭಾನುವಾರ ಮೂಲ ಪ್ರತಿಯನ್ನು ತೆಗೆದು ತಿದ್ದಲು ಕುಳಿತೆ. ಲೈಫ್ ಜಾಕೆಟ್ ಎರಡು ಎಂದಿದ್ದುದನ್ನು ಒಂದು ಮಾಡಿದೆ. ಗಾಳದ ಕೋಲು, ಲೈಸೆನ್ಸ್, ಚಿತ್ರಾನ್ನದ ಡಬ್ಬಿ, ಎಲ್ಲವೂ ಸುಲಭವಾಗಿ ಒಂದಾದವು. ರಾಹುಕಾಲದ ಸಾಲನ್ನು ಹಾಗೆಯೇ ಬಿಟ್ಟೆ. ಮೂರನೆಯ ಅನುಬಂಧದ ಕೊನೆಗೆ ಬಂದಾಗ "ಸರದಿಯಂತೆ ಇಬ್ಬರೂ" ಎಂಬುದನ್ನು ಹೊಡೆದುಹಾಕಿದೆ.

ಒಂದು ಕೈಯಲ್ಲಿ ಬಾಗಿದ ಕೋಲನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಲೆ ಇಳಿಸುವವರೂ ಇದ್ದಾರಂತೆ. ನನಗೆ ಅದು ಬಾರದು. ಕಲಿಯುವ ಸಂದರ್ಭವೇ ಒದಗಿರಲಿಲ್ಲ. ಹೆಂಡತಿ ಹಿಂದಿನಿಂದ ಬಂದು ಕಾಗದವನ್ನು ನೋಡಿ, "ನನ್ನ ಹೆಸರು ಬರೀಬೇಡಿ ಮತ್ತೆ. ನಾನು ಮುಟ್ಟಲ್ಲ," ಎಂದಳು. ಚಹಾ ಲೋಟವನ್ನು ಮೇಜಿನ ಮೇಲಿಟ್ಟು ಹೋದಳು.

"ಬಲೆ ಹಿಡಿಯುವವರು" ಎಂಬುದರ ಮುಂದಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಲಾಗಿದೆ.