ಅಳತೆ ತಪ್ಪಿದ ಫ್ರಾಕು

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಮೂರು ಹೊಲಿಗೆ ಮಿಷನ್ನುಗಳಿದ್ದವು. ಬಾಗಿಲ ಪಕ್ಕದ್ದು ಅವಳದು. ಹರಿದ ಹಾಸುಬಟ್ಟೆಗೆ ಅಂಚು ಹಾಕುವುದು, ಮಾಣಿಗಳ ಕೋಟಿಗೆ ಗುಂಡಿ ಹಚ್ಚುವುದು, ಹೊಟ್ಟೆ ಬಂದ ಮ್ಯಾನೇಜರನ ಪ್ಯಾಂಟನ್ನು ಅವನ ಮಾನ ಹೋಗದ ಹಾಗೆ ಸಡಿಲ ಮಾಡಿಕೊಡುವುದು, ಎಲ್ಲ ಅವಳ ಕೈಕೆಲಸವೇ. ಊರಿನಲ್ಲೂ ಟೈಲರಮ್ಮ, ಕಡಲು ದಾಟಿ ಬಂದ ಮೇಲೂ ಟೈಲರಮ್ಮ. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತಾಳೆಂದು ಹೆಸರು ಬೇರೆ.

ಊರಿನಲ್ಲಿ ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ. ಇವಳು ಹೊರಟು ಬಂದಾಗ ಮಗಳಿಗೆ ಆರು ತುಂಬಿತ್ತು, ಈಗ ಎಂಟೂವರೆ. ರಜೆಗೆ ಹೊರಟ ಒಬ್ಬರ ಕೈಯಲ್ಲಿ ಅವಳು ಮಗಳಿಗೊಂದು ಹಳದಿ ಫ್ರಾಕು ಹೊಲಿದು ಕಳಿಸಿದಳು. ಎರಡೂವರೆ ವರ್ಷಕ್ಕೆ ಇಷ್ಟು ಬೆಳೆದಿರಬೇಕೆಂದು ತಾನೇ ಅಂದಾಜು ಮಾಡಿ, ಒಳಗೆ ಒಂದು ಬೆರಳು ಬಟ್ಟೆ ಹೆಚ್ಚಿಗೇ ಬಿಟ್ಟಿದ್ದಳು.

‘ತುಂಬಾ ಚೆನ್ನಾಗಿದೆ ಅಮ್ಮಾ’ ಎಂದಳು ಮಗಳು ಫೋನಿನಲ್ಲಿ.

‘ಹಾಕ್ಕೊಂಡು ತೋರಿಸು ಪುಟ್ಟಿ.’

ಫೋನು ಅಪ್ಪನ ಕೈಗೆ ಹೋಯಿತು. ‘ಕೈನೇ ತೂರ್ತಿಲ್ಲ ಕಣೇ. ಭುಜ ಬಿಗಿ. ಹುಡುಗಿ ಹೇಗೆ ಬೆಳೆದುಬಿಟ್ಟಿದಾಳೆ ನೋಡು!’ ಎಂದು ಅವನು ನಕ್ಕ. ಇವಳೂ ನಕ್ಕಳು. ಫೋನಿಟ್ಟ ಮೇಲೆ ಮಂಚದ ಮೇಲೆ ಕೂತವಳು ಕತ್ತಲಾದರೂ ಎದ್ದು ದೀಪ ಹಾಕಲಿಲ್ಲ. ಕಂಡವರ ಮೈಯನ್ನೆಲ್ಲ ಅಳೆಯುವ ಕಣ್ಣಿಗೆ ಹೆತ್ತ ಮಗಳ ಭುಜ ಎಷ್ಟಗಲ ಎಂಬುದು ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ರಜೆಯ ದಿನ ಮಧ್ಯಾಹ್ನದವರೆಗೂ ಹಾಸಿಗೆ ಬಿಡಳು. ಎದ್ದರೂ ಮೈ ನೆನೆದ ಕಂಬಳಿಯಂತೆ ಭಾರ. ಅನ್ನ ಬಾಯಿಗಿಟ್ಟರೆ ಬರೀ ಸಪ್ಪೆ. ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನವಾಯಿತೋ. ಗಂಡನ ಫೋನು ಬಂದರೆ ಅದು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡುತ್ತ ಕೂರುವಳು. ಆಮೇಲೆ ‘ನೆಟ್‌ವರ್ಕ್ ಇರಲಿಲ್ಲ ರೀ’ ಎಂದು ಸಂದೇಶ ಕಳಿಸುವಳು. ಇಲ್ಲಿಯ ನೀರು ಒಗ್ಗಿಲ್ಲ, ರಕ್ತ ಕಮ್ಮಿಯಾಗಿದೆ ಎಂದೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ದಿನ ಮಾಣಿಯ ಕೋಟಿನ ಹರಿದ ಜೇಬು ಸರಿಮಾಡಲು ಹೋಗಿ ಜೇಬಿನ ಬಾಯನ್ನೇ ಹೊಲಿದುಬಿಟ್ಟಳು. ಅವನು ಅತಿಥಿಗಳೆದುರು ಪೆನ್ನು ಇಡಲು ಹೋಗಿ ಕೋಟನ್ನೇ ತಡಕಾಡಿದನಂತೆ. ನೆಲಮಾಳಿಗೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಇವಳು ನಗಲು ಬಾಯಿ ತೆರೆದಳು. ಕಣ್ಣಿಂದ ನೀರು ಇಳಿಯತೊಡಗಿತು, ನಿಲ್ಲಲೇ ಇಲ್ಲ.

ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಹಿರಿಯ, ಅವಳ ಭಾಷೆಯವನೇ, ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಬಂದ. ಎಲ್ಲರೂ ಅವನನ್ನು ಇಸ್ತ್ರಿ ಮಾಮ ಎನ್ನುತ್ತಿದ್ದರು.

‘ಎಷ್ಟು ದಿನದಿಂದ ಹೀಗೆ?’

‘ಏನಿಲ್ಲ ಮಾಮ, ಸುಸ್ತು.’

‘ನಾನೂ ಸುಸ್ತು ಅಂದ್ಕೊಂಡೆ, ಆಮೇಲೆ ಗ್ಯಾಸು ಅಂದ್ಕೊಂಡೆ. ಆರು ತಿಂಗಳು ಜೀರಿಗೆ ನೀರು ಕುಡಿದೆ. ಹೊಟ್ಟೆ ಸರಿ ಹೋಯ್ತು, ಮನಸ್ಸು ಸರಿ ಹೋಗ್ಲಿಲ್ಲ. ಇದು ಕಾಯಿಲೆ ಕಣಮ್ಮ, ಕಳ್ಳತನ ಅಲ್ಲ, ಬಚ್ಚಿಡೋಕೆ. ನಡಿ, ಡಾಕ್ಟರ ಹತ್ರ ಹೋಗೋಣ.’

ಡಾಕ್ಟರಮ್ಮ ಆ ದೇಶದವಳು. ಅವಳ ಭಾಷೆಯಲ್ಲಿ ಟೈಲರಮ್ಮನಿಗೆ ಬರುತ್ತಿದ್ದುದು ಬಟ್ಟೆಯ ಮಾತುಗಳಷ್ಟೇ. ‘ಒಳಗಿನ ಹೊಲಿಗೆ ಬಿಚ್ಚಿದೆ, ಹೊರಗೆ ಕಾಣಲ್ಲ’ ಎಂದಳು ಕೊನೆಗೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದಳು. ಇಲ್ಲ, ಮಲಗೇ ಇರಬೇಕು ಅನ್ನಿಸುತ್ತದೆ ಎಂದಳು ಇವಳು. ಇದು ಖಿನ್ನತೆ, ವಾಸಿಯಾಗುತ್ತದೆ ಎಂದು ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟಳು. ವಾರಕ್ಕೊಮ್ಮೆ ಬಂದು ಮಾತಾಡಬೇಕು, ದಿನಾ ಬಿಸಿಲಿನಲ್ಲಿ ನಡೆಯಬೇಕು, ಮನೆಯವರಿಗೆ ಸುಳ್ಳು ಹೇಳಬಾರದು. ಮೊದಲ ಎರಡು ಸುಲಭವಾದವು.

ಗಂಡನಿಗೆ ಹೇಳಲು ಹನ್ನೆರಡು ದಿನ ಹಿಡಿಯಿತು.

‘ಬಂದ್ಬಿಡೇ. ಹೇಗೋ ಆಗುತ್ತೆ’ ಎಂದ ಅವನು.

‘ಬರ್ತೀನಿ ಅಂತ ಹೇಳಿದ್ದಲ್ಲ ರೀ. ನಿಮಗೂ ಗೊತ್ತಿರಲಿ ಅಂತ. ಇನ್ನೆಂಟು ತಿಂಗಳು, ಒಪ್ಪಂದ ಮುಗಿಯುತ್ತೆ. ಆಮೇಲೆ ಇವರು ಕೈಕಾಲು ಹಿಡಿದ್ರೂ ಇರಲ್ಲ.’

‘ನೀನು ಫೋನೆತ್ತದೇ ಇದ್ದಾಗ ಪುಟ್ಟಿ, ಫ್ರಾಕು ಆಗ್ಲಿಲ್ಲ ಅಂತ ಅಮ್ಮಂಗೆ ಕೋಪಾನಾ ಅಂತ ಕೇಳ್ತಿದ್ಲು ಕಣೇ. ಅದನ್ನೇ ದಿಂಬಿನ ಹತ್ರ ಇಟ್ಕೊಂಡು ಮಲಗ್ತಾಳೆ.’

ಅಂದು ಅವಳು ಬಾಯಿಬಿಟ್ಟು ಅತ್ತಳು. ಅತ್ತ ಮೇಲೆ ಹಸಿವಾಯಿತು.

ಮಂಕು ಒಂದೇ ಸಲಕ್ಕೆ ಬಿಟ್ಟು ಹೋಗಲಿಲ್ಲ. ಎರಡು ತಿಂಗಳು ಹಗುರಾಗಿದ್ದವಳು ಒಂದು ಬೆಳಿಗ್ಗೆ, ತಾನು ಮೂರು ದಿನದಿಂದ ತಲೆ ಬಾಚಿಲ್ಲವೆಂಬುದನ್ನು ಕಂಡುಕೊಂಡಳು. ಈ ಸಲ ನೀರಿನ ಮೇಲೆ ತಪ್ಪು ಹೊರಿಸದೆ ನೇರವಾಗಿ ಹೋಗಿ ಹೇಳಿದಳು. ‘ಮಾಮ, ಮತ್ತೆ ಬಂದಿದೆ.’

‘ಬಂದ್ರೆ ಬರ್ಲಿ. ಕೂತ್ಕೊಳ್ಳೋಕೆ ಕುರ್ಚಿ ಮಾತ್ರ ಹಾಕ್ಬೇಡ’ ಎಂದ ಮಾಮ. ಸಂಜೆ ಡಾಕ್ಟರಮ್ಮನ ಬಳಿಗೆ ಅವಳು ಒಬ್ಬಳೇ ಹೋಗಿ ಬಂದಳು.

ಈಗ ಊಟದ ಬಿಡುವಿನಲ್ಲಿ ಹೋಟೆಲಿನ ಹಿಂದಿನ ಕಲ್ಲುಬೆಂಚಿಗೆ ಬಿಸಿಲು ಬೀಳುವ ಹೊತ್ತಿಗೂ ಊರಿನಲ್ಲಿ ಶಾಲೆ ಬಿಡುವ ಹೊತ್ತಿಗೂ ಸರಿಯಾಗುತ್ತದೆ. ಅವಳು ಫೋನು ಮಾಡುತ್ತಾಳೆ. ಗಂಡ ಫೋನನ್ನು ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು, ಮಕ್ಕಳನ್ನು ಹತ್ತಿಸಿಕೊಳ್ಳಲು ಇಳಿಯುತ್ತಾನೆ. ಅವಳು ಕಣ್ಣು ಮುಚ್ಚಿ ಕಿವಿಗೊಡುತ್ತಾಳೆ. ಗಂಟೆ, ಕೂಗಾಟ, ಚೀಲಗಳು ಸೀಟಿಗೆ ಬಡಿಯುವ ಸದ್ದು. ಅಷ್ಟೊಂದು ಬೂಟುಗಳಲ್ಲಿ ತನ್ನವಳದು ಯಾವುದೆಂದು ಗೊತ್ತಾಗುವುದಿಲ್ಲ. ಕಾಯುತ್ತಾಳೆ.

‘ಅಪ್ಪಾ, ಅಮ್ಮ ಲೈನಲ್ಲಿದಾರಾ?’

‘ಇದೀನಿ ಪುಟ್ಟಿ, ಇಲ್ಲೇ ಇದೀನಿ’ ಎನ್ನುತ್ತಾಳೆ ಅವಳು.