ಭಾಲ್ಕಿ ಬಸ್ಸಿನಲ್ಲಿ ಉಳಿದ ರಿಜಿಸ್ಟರು

ಬೀದರಿಗೆ ಬಂದ ಐದನೇ ತಿಂಗಳಲ್ಲಿ ನನ್ನನ್ನು ಮೊದಲ ಸಲ ಕಳ್ಳಿ ಅಂದರು. ಅದೂ ಫೋನಿನಲ್ಲಿ, ಅದೂ ನಾನು ಅವರ ದುಡ್ಡು ಉಳಿಸಲು ಹೊರಟಿದ್ದಾಗ.

ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿ ಮಂಡ್ಯದಿಂದ ಇಲ್ಲಿಗೆ ಬಂದೆ. ಕೋಣೆ ಬಾಡಿಗೆಗೆ ಕೊಟ್ಟವರು ಸುನಂದಾ ಸಿಸ್ಟರ್, ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮೊದಲ ದಿನ ರೊಟ್ಟಿಯ ಪಕ್ಕ ಅಗಸಿ ಹಿಂಡಿ ಬಡಿಸಿದರು. ನಮ್ಮ ಕಡೆ ಹಿಂಡಿ ತಿನ್ನುವುದು ಎಮ್ಮೆ. ಇಲ್ಲಿ ಅದು ಚಟ್ನಿಪುಡಿ. ವಾದಕ್ಕೆಂದು ಬಾಯಿ ತೆರೆದವಳು ಎರಡನೇ ರೊಟ್ಟಿ ಕೇಳಿದೆ.

ಆ ಹಿಂಡಿಗೆ ಆನ್‌ಲೈನ್ ಅಂಗಡಿ ತೆರೆಯೋಣ ಎಂದದ್ದು ನಾನೇ. ಪಾವತಿಯ ಪುಟಕ್ಕೇ ಮೂರು ವಾರ ಹಿಡಿಯಿತು. ಕಾರ್ಡಿನ ನಂಬರು ನಮ್ಮ ಕಣ್ಣಿಗೆ ಬೀಳದೆ ನೇರ ಪಾವತಿ ಕಂಪನಿಗೆ ಹೋಗಬೇಕು, ಒಟಿಪಿ ಗಿರಾಕಿಯ ಫೋನಿನಲ್ಲೇ ಉಳಿಯಬೇಕು. ಕಾಲೇಜಿನ ದಿನಗಳ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ವಾದ ಊಹಿಸುತ್ತಿದ್ದಂತೆ ಕಳ್ಳನ ಒಂದೊಂದೇ ದಾರಿ ಊಹಿಸಿ ಮುಚ್ಚಿದೆ. ಪೊಟ್ಟಣದ ಮೇಲೂ ಅಂಟಿಸಿದೆ: ಗಾಬರಿಪಡಿಸಿ ಕರೆ ಮಾಡುವವರನ್ನು ನಂಬಬೇಡಿ.

ಸಿಸ್ಟರನ್ನು ಮಾತ್ರ ಊಹಿಸಿರಲಿಲ್ಲ.

ಒಂದು ಮಧ್ಯಾಹ್ನ ಭಾಲ್ಕಿ ಬಸ್‌ಸ್ಟ್ಯಾಂಡಿನಿಂದ ಅವರ ಫೋನ್. "ಬೇಟಾ, ನನ್ನ ರಿಜಿಸ್ಟರ್ ಬಸ್ನ್ಯಾಗ ಉಳೀತು. ಬಸ್ ಹೋಗ್ಯದ."

"ಯಾವ ರಿಜಿಸ್ಟರ್?"

"ಗಿರಾಕಿಗೋಳ್ದು. ವಯಸ್ಸಾದವ್ರಿಗಿ ನಿನ್ನ ಪುಟ ತಿಳಿಯಂಗಿಲ್ಲ. ಫೋನ್ನ್ಯಾಗ ನಂಬರ್ ಹೇಳ್ತಾರ, ನಾ ಒತ್ತತೀನಿ. ಮತ್ತ ಮತ್ತ ಯಾಕ ಕೇಳೋದಂತ ಬರದಿಟ್ಟೀನಿ."

"ಕಾರ್ಡಿನ ಹಿಂದಿರೋ ಮೂರು ಅಂಕೀನೂ?"

"ಎಲ್ಲಾ ಬರದೀನಿ. ಬಿಪಿ ಬರದಂಗ. ಹನ್ನೊಂದ ಮಂದೀದು."

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಂಗಸರು ಗಂಡನಿಗೂ ಹೇಳದ್ದನ್ನು ಸಿಸ್ಟರಿಗೆ ಹೇಳಿದ್ದಾರೆ, ಸಿಸ್ಟರ್ ಬರೆದುಕೊಂಡಿದ್ದಾರೆ, ಅದೇ ರೂಢಿ. ಹನ್ನೊಂದು ಜನರ ಕಾರ್ಡು, ಹೆಚ್ಚಿನವು ಪಿಂಚಣಿಯವು, ಈಗ ಯಾವುದೋ ಸೀಟಿನ ಮೇಲೆ. ಒಟಿಪಿ ಇಲ್ಲದೆ ಏನಾದೀತು ಅನ್ನುತ್ತೀರಾ? ಹೊರದೇಶದ ಎಷ್ಟೋ ಅಂಗಡಿಗಳು ಅದನ್ನು ಕೇಳುವುದೇ ಇಲ್ಲ. ಕೇಳಿದರೂ, ಪರಿಚಯದ ದನಿಗೆ ಈ ಗಿರಾಕಿಗಳು ಹೇಳಿಯೇಬಿಡುತ್ತಾರೆ. ಡಿಪೋದಲ್ಲಿ ವಿಚಾರಿಸುತ್ತೇನೆ ಎಂದ ಸಿಸ್ಟರ್ ಫೋನು ಆಮೇಲೆ ಸ್ವಿಚ್ ಆಫ್.

ಸಿಸ್ಟರ್ ಒತ್ತಿದ್ದ ಆರ್ಡರುಗಳನ್ನು ಹುಡುಕಿ, ಅವುಗಳಲ್ಲಿದ್ದ ಗಿರಾಕಿಗಳ ನಂಬರುಗಳಿಗೆ ನಾನೇ ಕರೆ ಮಾಡಿದೆ. "ನಮಸ್ಕಾರ, ನಿಮ್ಮ ಕಾರ್ಡನ್ನು ತಕ್ಷಣ ನಿಲ್ಲಿಸಬೇಕು..." ಕಮಲನಗರದ ಹೆಂಗಸು ಮರಾಠಿಯಲ್ಲಿ ಬೈದು ಇಟ್ಟರು. ಇಬ್ಬರು ಮಾತೇ ಆಡದೆ ಇಟ್ಟರು. ಔರಾದಿನ ನಿವೃತ್ತ ಮಾಸ್ತರರು ಮಾತ್ರ ವಾದಕ್ಕೆ ನಿಂತರು.

"ಬೆಂಗ್ಳೂರ್ ಕಡಿಂದೇನವ್ವಾ? ಕಳ್ಳಿ ಭಾಷಾ ಭಾಳ ಸಾಫ್ ಅದ ನೋಡು."

"ಸರ್, ನಾನು ಹಿಂಡಿ ಅಂಗಡಿಯವಳು."

"ಅಂಗಡಿಯವ್ರೇ ಬರದಾರ, ಗಾಬರಿ ಮಾಡೋರನ್ನ ನಂಬಬ್ಯಾಡ್ರಿ ಅಂತ. ನೀ ಗಾಬರಿ ಮಾಡ್ಲಾಕತ್ತಿ. ಮುಗೀತಲ್ಲ?"

ಮುಗಿದಿತ್ತು. ತೀರ್ಪು ನನ್ನ ಕೈಯಲ್ಲಿದ್ದಿದ್ದರೆ ಬಹುಮಾನ ಅವರಿಗೇ ಕೊಡುತ್ತಿದ್ದೆ. ಅವರು ಫೋನ್ ಇಡುವ ಮೊದಲು ನನ್ನ ಬಾಯಿಂದ ಬೇರೆಯೇ ದನಿ ಹೊರಟಿತು: "ಇಡಬ್ಯಾಡ್ರಿ ಮಾಸ್ತರ್! ಸುನಂದಾ ಸಿಸ್ಟರ್ ಮನಿಯಾಕಿ ಇದ್ದೀನ್ರಿ. ಈ ಸಲ ಹಿಂಡಿ ಖಾರ ಆಗಿತ್ತೇನ್ರಿ?"

"ಸಿಸ್ಟರ್ ಮನಿಯಾಕೇನು! ಮೊದಲ ಹೇಳಬಾರದಾ ಬೇಟಾ? ನನಗ ಬಂದ್ ಮಾಡಾಕ ಬರಂಗಿಲ್ಲ. ನಂಬರ್ ಹೇಳ್ತೀನಿ, ನೀನೇ ಮಾಡು. ಬರಕೋ, ನಾಕ, ಐದ..."

"ಹೇಳಬ್ಯಾಡ್ರಿ! ಯಾರಿಗೂ ಹೇಳಬ್ಯಾಡ್ರಿ!" ಅರಚಿಬಿಟ್ಟೆ. ಕಾರ್ಡಿನ ಮೇಲಿದ್ದ ಬ್ಯಾಂಕಿನ ಫೋನ್ ನಂಬರು ಹುಡುಕಿಸಿ ಅವರಿಂದಲೇ ಕರೆ ಮಾಡಿಸಿದೆ. ಬೈದವರಿಗೂ ಇಟ್ಟವರಿಗೂ ಅದೇ ದನಿಯಲ್ಲಿ ಮತ್ತೆ ಹೇಳಿದೆ. ಸಂಜೆಯೊಳಗೆ ಹನ್ನೊಂದೂ ಕಾರ್ಡು ಬಂದ್. ಅವರಲ್ಲಿ ಆರು ಮಂದಿ ನನಗೇ ಕಾರ್ಡಿನ ನಂಬರು ಹೇಳಲು ಶುರು ಮಾಡಿದ್ದರು.

ಮರುದಿನ ಕಂಡಕ್ಟರ್ ರಿಜಿಸ್ಟರ್ ತಂದುಕೊಟ್ಟ. "ನೋಡಿದಿ? ನಮ್ಮ ಮಂದಿ ಹಾಂಗಿಲ್ಲ," ಎಂದರು ಸಿಸ್ಟರ್. ಯಾರೂ ಫೋಟೊ ತೆಗೆದಿಲ್ಲ ಎಂಬುದಕ್ಕೆ ಇದು ಸಾಕ್ಷಿಯಲ್ಲ ಎಂದೆ. ಅವರು ಹಾಳೆಗಳನ್ನು ಒಂದೊಂದಾಗಿ ಒಲೆಗೆ ಹಾಕಿದರು.

ಹುಟ್ಟಿದೂರಿನಲ್ಲೂ ನನ್ನನ್ನು ಯಾರೂ ಇಷ್ಟು ಸುಲಭವಾಗಿ ನಂಬಿದ್ದಿಲ್ಲ. ಇಲ್ಲಿ ನಾಲ್ಕು ತಿಂಗಳಲ್ಲಿ ಕಲಿತ ದನಿಯನ್ನು ನಂಬಿದರು. ಹೆಮ್ಮೆ ಪಡಲು ಹೋದರೆ ಪ್ರಶ್ನೆಯೊಂದು ಅಡ್ಡ ಬರುತ್ತದೆ: ನನಗೆ ಬಂದ ದನಿ ಕಳ್ಳನಿಗೆ ಬಾರದೇ?

ಆ ರಾತ್ರಿ ನನ್ನ ಫೋನು ಚಾರ್ಜಿಗಿತ್ತೆಂದು ಸಿಸ್ಟರ್ ಫೋನಿನಿಂದ ಅಮ್ಮನಿಗೆ ಕರೆ ಮಾಡಿದೆ. "ಹ್ಯಾಂಗಿದ್ದೀರಿ? ಊಟ ಆಯ್ತೇನ್ರಿ?"

"ಯಾರವ್ವ ನೀನು? ನನ್ ಮಗ್ಳು ಹಿಂಗ್ ಮಾತಾಡಕಿಲ್ಲ," ಎಂದು ಅಮ್ಮ ಇಟ್ಟುಬಿಟ್ಟಳು.

ಅಳು ಬಂತು. ಸದ್ಯ, ಈ ದನಿಯನ್ನು ನಂಬದೆ ಒಬ್ಬಳಾದರೂ ಫೋನ್ ಇಟ್ಟಳಲ್ಲ ಎಂಬ ಸಮಾಧಾನವೂ ಬಂತು. ಮತ್ತೆ ಕರೆ ಮಾಡುವ ಮೊದಲು, ಮಂಡ್ಯದ ನನ್ನ ದನಿಯನ್ನು ಸ್ವಲ್ಪ ಹೊತ್ತು ಹುಡುಕಬೇಕಾಯಿತು.